ಸಂಜೀವಯ್ಯನ ಟೋಕನ್ ಬೋರ್ಡು

ಕನಕಪುರ ರಸ್ತೆಯ ಪಂಪು ಕಾರ್ಖಾನೆಯಲ್ಲಿ ಬೆಳಗಿನ ಏಳೂವರೆಯ ಸೈರನ್ ನಿಂತಿತೋ ಇಲ್ಲವೋ, ಗೇಟಿನ ಪಕ್ಕದ ಟೈಮ್ ಆಫೀಸಿನ ಕಿಟಕಿಗೆ ಗಾಜಿನ ಬಾಗಿಲು ದಡಕ್ಕನೆ ಇಳಿಯುತ್ತಿತ್ತು. ಇಳಿಸುತ್ತಿದ್ದ ಕೈ ಸರಕ್ಕಿಯ ಸಂಜೀವಯ್ಯನದು. ಗಾಜಿನ ಹಿಂದೆ ಎರಡು ಮರದ ಬೋರ್ಡು, ಅವುಗಳ ತುಂಬ ಸಾಲು ಮೊಳೆ. ಎಡಗಡೆಯದು ಹೊರಗಿರುವವರ ಬೋರ್ಡು, ಬಲಗಡೆಯದು ಒಳಗೆ ಬಂದವರದು. ಕೆಲಸಗಾರ ಬಂದವನೇ ತನ್ನ ನಂಬರು ಕೆತ್ತಿದ ಹಿತ್ತಾಳೆ ಟೋಕನ್ನನ್ನು ಎಡದ ಮೊಳೆಯಿಂದ ತೆಗೆದು ಬಲದ ಮೊಳೆಗೆ ಸಿಕ್ಕಿಸಬೇಕು. ಗಾಜು ಇಳಿಯುವಾಗ ಟೋಕನ್ ಎಡದಲ್ಲೇ ಇದ್ದರೆ ಅರ್ಧ ದಿನದ ಹಾಜರಿ ಹೋದಂತೆಯೇ. ಬಸ್ಸು ಕೆಟ್ಟಿತು, ಮಗುವಿಗೆ ಜ್ವರ, ಅತ್ತೆ ತೀರಿಕೊಂಡರು, ಇವೆಲ್ಲ ಗಾಜಿನ ಆಚೆಯ ಮಾತು. ಒಮ್ಮೆ ಸ್ವಂತ ಭಾವಮೈದ ಬೈಲಪ್ಪ ಓಡೋಡಿ ಬಂದು ಗಾಜಿಗೆ ಮೂಗು ಒತ್ತಿ ನಿಂತಾಗಲೂ ಸಂಜೀವಯ್ಯ ಕತ್ತು ಅಲ್ಲಾಡಿಸಿದನೇ ಹೊರತು ಕೈ ಅಲ್ಲಾಡಿಸಲಿಲ್ಲ. ಆಮೇಲೆ ಆರು ತಿಂಗಳು ಬೈಲಪ್ಪ ಅಕ್ಕನ ಮನೆಯಲ್ಲಿ ಒಂದು ಲೋಟ ನೀರು ಮುಟ್ಟಲಿಲ್ಲ.

ಜನ ಅವನನ್ನು ಕಲ್ಲೆದೆಯವನು ಅಂದರು. ನನ್ನನ್ನು ಕೇಳಿದರೆ ಅದು ಅನ್ಯಾಯದ ಮಾತು. ಸಂಜೀವಯ್ಯನಿಗೆ ಆ ಬೋರ್ಡಿನ ಮೇಲೆ ಪ್ರೀತಿಯಿತ್ತು. ಸರಕ್ಕಿಯ ಕೇರಿಯಲ್ಲಿ ಹುಟ್ಟಿದವನಿಗೆ ಊರ ಬಾವಿ ಕೇಳುತ್ತಿತ್ತು, ನೀನು ಯಾರ ಮಗ ಎಂದು. ಹೋಟೆಲಿನ ಲೋಟ ಕೇಳುತ್ತಿತ್ತು, ಶಾಲೆಯ ಜಗಲಿ ಕೇಳುತ್ತಿತ್ತು. 2714 ಎಂದು ಕೆತ್ತಿದ ಹಿತ್ತಾಳೆ ಮಾತ್ರ ಏನೂ ಕೇಳಲಿಲ್ಲ. ಎಷ್ಟು ಹೊತ್ತಿಗೆ ಬಂದೆ, ಅದೊಂದೇ ಅದಕ್ಕೆ ಬೇಕಾದದ್ದು. ಅವನ ಕೇರಿಗೆ ಬಂದ ಮೊದಲ ಕಾಯಂ ಕೆಲಸ ಆ ಟೋಕನ್. 1959ರಲ್ಲಿ ಅದು ಸಿಕ್ಕ ದಿನ ತಾಯಿ ಮಾರಮ್ಮ ಅದನ್ನು ಸೆರಗಿನಿಂದ ಒರೆಸಿ, ಬಾಬಾಸಾಹೇಬರ ಫೋಟೋದ ಮುಂದೆ ಒಂದು ಗಳಿಗೆ ಇಟ್ಟು ಕೊಟ್ಟಿದ್ದಳು.

ಟೋಕನ್ ತಂದುಕೊಟ್ಟದ್ದು ಫುಟ್‌ಬಾಲು. ಅಪ್ಪ ಯಲ್ಲಯ್ಯ ಹಲಸೂರಿನ ಕಡೆ ಗಾರೆ ಕೆಲಸಕ್ಕೆ ಹೋಗುತ್ತಿದ್ದಾಗ ಜೊತೆಗೆ ಹೋದ ಸಂಜೀವಯ್ಯ ಅಲ್ಲಿನ ಮೈದಾನಗಳಲ್ಲಿ ಚೆಂಡಿನ ರುಚಿ ಹತ್ತಿಸಿಕೊಂಡ. ಬರಿಗಾಲಲ್ಲಿ ಆಡಿ ಆಡಿ ಎಡಪಕ್ಕದ ಓಟಗಾರನೆಂದು ಹೆಸರಾದ. ಕಾರ್ಖಾನೆಯವರು ಟೀಮಿಗೆಂದೇ ಅವನನ್ನು ಸೇರಿಸಿಕೊಂಡು ಟೈಮ್ ಆಫೀಸಿನಲ್ಲಿ ಕೂರಿಸಿದರು. ಮೊಣಕಾಲು ಕೈಕೊಟ್ಟ ಮೇಲೆ, 1971ರಿಂದ, ಅವನೇ ಟೀಮಿನ ಕೋಚ್.

ಕೋಚ್ ಆದವನು ಮಾಡಿದ ಮೊದಲ ಕೆಲಸ ಬಡಗಿಯ ಹತ್ತಿರ ಹೋಗಿ ಚಿಕ್ಕದೊಂದು ಬೋರ್ಡು ಮಾಡಿಸಿದ್ದು. ಎಡಕ್ಕೆ ಹದಿನೆಂಟು ಮೊಳೆ, ಬಲಕ್ಕೆ ಹದಿನೆಂಟು, ಮುಂದೆ ಗಾಜು, ಗಾಜಿಗೆ ಬೀಗ. ಪ್ರ್ಯಾಕ್ಟೀಸಿಗೆ ಸಮಯಕ್ಕೆ ಬಂದವರ ಟೋಕನ್ ಬಲಕ್ಕೆ ಹೋಗಬೇಕು. ವಾರದಲ್ಲಿ ಎರಡು ದಿನ ಎಡದಲ್ಲಿ ಉಳಿದವನು ಮ್ಯಾಚಿನ ದಿನವೂ ಎಡದಲ್ಲೇ. ಯಾರ ಮೇಲೂ ರೇಗುತ್ತಿರಲಿಲ್ಲ, ಯಾರನ್ನೂ ಹೊಗಳುತ್ತಿರಲಿಲ್ಲ. ನೀನು ಟೀಮಿನಲ್ಲಿಲ್ಲ ಎಂದು ಬಾಯಿಬಿಟ್ಟು ಹೇಳಿಸಿಕೊಳ್ಳುವ ಅವಮಾನ ಯಾರಿಗೂ ಆಗಬಾರದು ಎಂಬುದು ಅವನ ಯೋಚನೆ. ಅಂಥದ್ದನ್ನು ಅವನು ಸಾಕಷ್ಟು ಉಂಡಿದ್ದ.

ಆ ಬೋರ್ಡೇ ಅವನನ್ನು ಸಮುದ್ರ ದಾಟಿಸಿತು. 1980ರಲ್ಲಿ ಮಾಲ್ಡೀವ್ಸ್ ದೇಶದ ಒಂದು ದ್ವೀಪದಿಂದ ವ್ಯಾಪಾರಿಯೊಬ್ಬ ದೋಣಿಗಳಿಗೆ ಪಂಪು ಕೊಳ್ಳಲು ಕಾರ್ಖಾನೆಗೆ ಬಂದ. ಅವನೇ ಅಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ. ಸಂಜೆ ಪ್ರ್ಯಾಕ್ಟೀಸ್ ನೋಡಿದ, ಬೋರ್ಡು ನೋಡಿದ, ನಮ್ಮ ಹುಡುಗರಿಗೆ ಬೇಕಾಗಿರುವುದು ಇದೇ ಅಂದ. ಪಂಪುಗಳ ಆರ್ಡರು ದೊಡ್ಡದಿದ್ದುದರಿಂದ ಮ್ಯಾನೇಜರಿಗೆ ಇಲ್ಲವೆನ್ನುವ ಮನಸ್ಸು ಬರಲಿಲ್ಲ. ಸಂಜೀವಯ್ಯನಿಗೆ ಎರಡು ವರ್ಷದ ಸಂಬಳವಿಲ್ಲದ ರಜೆ ಕೊಟ್ಟರು. ಕಾಗದದಲ್ಲಿ ಒಂದು ಷರತ್ತು ಟೈಪಾಗಿತ್ತು: 1982ರ ಜೂನ್ 14, ಸೋಮವಾರ, ಬೆಳಗಿನ ಸೈರನ್ನಿಗೆ ಟೋಕನ್ 2714 ಬಲದ ಬೋರ್ಡಿನಲ್ಲಿರಬೇಕು. ಇಲ್ಲದಿದ್ದರೆ ಇಪ್ಪತ್ಮೂರು ವರ್ಷದ ಸರ್ವೀಸು ಅಲ್ಲಿಗೆ ಮುಗಿಯಿತು.

ಹೆಂಡತಿ ಈಶ್ವರಮ್ಮನಿಗೆ ಮಾಲ್ಡೀವ್ಸ್ ಎಲ್ಲಿದೆಯೆಂದು ಗೊತ್ತಿರಲಿಲ್ಲ, ಜೂನ್ ಹದಿನಾಲ್ಕು ಎಲ್ಲಿದೆಯೆಂದು ಚೆನ್ನಾಗಿ ಗೊತ್ತಿತ್ತು. ಅಲ್ಲಿಗೆ ಹೋದ ಅವಳ ಪ್ರತಿಯೊಂದು ಕಾಗದದ ತಲೆಯ ಮೇಲೂ ಆ ತಾರೀಖು ಇರುತ್ತಿತ್ತು. ಟೈಮ್ ಆಫೀಸಿನ ಕುರ್ಚಿಗೆ ಅವನೇ ತಯಾರು ಮಾಡಿದ ಮುನಿಯಣ್ಣ ಬಂದು ಕೂತ. ಮುನಿಯಣ್ಣ ಮೆತ್ತನೆಯ ಮನುಷ್ಯ, ವಯಸ್ಸಿನಲ್ಲಿ ಹಿರಿಯನಾದರೂ ಸಂಜೀವಯ್ಯನನ್ನು ಅಣ್ಣ ಎಂದೇ ಕರೆಯುತ್ತಿದ್ದ. ಗಾಜು ಇಳಿಸಲು ಅವನಿಗೆ ಕಲಿಸುವಷ್ಟರಲ್ಲಿ ಸಂಜೀವಯ್ಯನಿಗೆ ಸಾಕುಬೇಕಾಗಿತ್ತು.

ದ್ವೀಪದ ಮೈದಾನವೆಂದರೆ ಬಿಳಿ ಮರಳು, ಸುತ್ತ ತೆಂಗಿನ ಮರ. ಜೋರಾಗಿ ಒದ್ದ ಚೆಂಡು ನೇರ ಸಮುದ್ರಕ್ಕೆ. ಬೆಂಗಳೂರಿನ ಅರೆಬರೆ ಹಿಂದಿಯಲ್ಲಿ ಸಂಜೀವಯ್ಯ, ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ಅವರು, ಹೇಗೋ ಮಾತು ಸಾಗಿತು. ಅವನು ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದ ಬೋರ್ಡನ್ನು ತೆಂಗಿನ ಮರಕ್ಕೆ ಬಿಗಿದ. ನಾಲ್ಕೂವರೆಗೆ ಗಾಜು ಇಳಿಯುತ್ತದೆ ಎಂದ. ಮೊದಲು ನಕ್ಕವರು ವಾರದೊಳಗೆ ನಗು ನಿಲ್ಲಿಸಿ ಓಡಿ ಬರತೊಡಗಿದರು.

ಓಡಿ ಬಂದರೂ ಸಮಯಕ್ಕೆ ಮುಟ್ಟದವನೊಬ್ಬನಿದ್ದ. ಅಲಿ ಮಾಣಿಕ್ ಎಂದು ಹೆಸರು. ಟ್ಯೂನಾ ಹಿಡಿಯುವ ದೋಣಿಯಲ್ಲಿ ಕೆಲಸ. ಐದು ಗಂಟೆಗೋ ಐದೂವರೆಗೋ ಮೀನಿನ ವಾಸನೆಯ ಅಂಗಿಯಲ್ಲೇ ಬರುತ್ತಿದ್ದ. ಮೊದಲ ದಿನ ಅವನು ಚೆಂಡು ಮುಟ್ಟಿದ್ದನ್ನು ನೋಡಿಯೇ ಸಂಜೀವಯ್ಯನಿಗೆ ಗೊತ್ತಾಗಿತ್ತು, ಇಂಥ ಆಟಗಾರ ತನ್ನ ಕೈಗೆ ಇನ್ನೊಬ್ಬ ಸಿಗುವುದಿಲ್ಲವೆಂದು. ಆದರೂ ಗಾಜು ಇಳಿದದ್ದು ಇಳಿದದ್ದೇ. ಮಾಣಿಕ್ ತುಟಿಪಿಟಕ್ಕೆನ್ನಲಿಲ್ಲ. ಮೈದಾನದ ಹಗ್ಗದ ಆಚೆ ನಿಂತು ಆಟ ನೋಡುತ್ತಿದ್ದ. ನೀರಿಗೆ ಬಿದ್ದ ಚೆಂಡನ್ನು ಈಜಿ ತಂದು ಎಸೆಯುತ್ತಿದ್ದ. ಹೀಗೆ ನಾಲ್ಕು ತಿಂಗಳು. ಟೀಮು ಐದು ಮ್ಯಾಚಿನಲ್ಲಿ ನಾಲ್ಕು ಸೋತಿತು.

ಸೋಲಿನಿಂದಲ್ಲ, ಆ ಸುಮ್ಮನಿರುವಿಕೆಯಿಂದ ಸಂಜೀವಯ್ಯನಿಗೆ ಕಿರಿಕಿರಿ ಶುರುವಾಯಿತು. ಭಾವಮೈದನಾದರೂ ಮುನಿಸಿಕೊಂಡಿದ್ದ, ಇವನು ಮುನಿಯುವುದೂ ಇಲ್ಲ. ಇವನಿಗೆ ಸಮಯದ ಶಿಸ್ತು ಕಲಿಸಿಯೇ ಬಿಡೋಣ ಎಂದು ಒಂದು ದಿನ ನಸುಕಿನಲ್ಲಿ ತಾನೇ ಮಾಣಿಕ್‌ನ ದೋಣಿ ಹತ್ತಿದ. ಹತ್ತುವಾಗ ದೋಣಿಯ ಯಜಮಾನನನ್ನು ಕೇಳಿದ ಪ್ರಶ್ನೆಯನ್ನು ಆ ದ್ವೀಪದವರು ಇವತ್ತಿಗೂ ಹೇಳಿಕೊಂಡು ನಗುತ್ತಾರಂತೆ. ನಿಮ್ಮ ಶಿಫ್ಟು ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಕೇಳಿದ್ದ. ಕಾರ್ಖಾನೆಯ ಮನುಷ್ಯ, ಸಮುದ್ರಕ್ಕೂ ಒಂದು ಸೈರನ್ ಇರುತ್ತದೆ ಅಂದುಕೊಂಡಿದ್ದ.

ಮಧ್ಯಾಹ್ನದವರೆಗೆ ಒಂದು ಮೀನೂ ಸಿಗಲಿಲ್ಲ. ಎರಡು ಗಂಟೆಗೆ ಹಕ್ಕಿಗಳ ಹಿಂಡು ಕಂಡಿತು, ಮೀನು ಎದ್ದಿತು, ಎಲ್ಲರೂ ಬಿದಿರ ಗಳ ಹಿಡಿದು ಹಿಂಬದಿಯಲ್ಲಿ ಸಾಲಾಗಿ ನಿಂತರು. ಸಂಜೀವಯ್ಯ ಗಡಿಯಾರ ನೋಡಿಕೊಂಡ. ಮೂರು. ಮೂರೂವರೆ. ವಾಪಸ್ ಹೋಗೋಣ ಎನ್ನಲು ಬಾಯಿ ತೆರೆದವನು ಮಾಣಿಕ್‌ನ ಅಂಗೈ ನೋಡಿ ಬಾಯಿ ಮುಚ್ಚಿದ. ಗಳ ಉಜ್ಜಿ ಉಜ್ಜಿ ಚರ್ಮ ಕಿತ್ತುಬಂದಿತ್ತು. ದೋಣಿ ದಡ ಸೇರಿದಾಗ ಆರೂಕಾಲು. ಬೋರ್ಡಿನ ಬೀಗದ ಕೈ ಇವನ ಜೇಬಿನಲ್ಲೇ ಇದ್ದುದರಿಂದ ಅಂಗಡಿಯವರ ಮಕ್ಕಳು, ಆಫೀಸಿನ ಗುಮಾಸ್ತರು, ಎಲ್ಲ ಶುಭ್ರವಾದ ಅಂಗಿ ತೊಟ್ಟು ಮುಚ್ಚಿದ ಗಾಜಿನ ಮುಂದೆ ಕೂತು ಕೋಚನ್ನು ಕಾಯುತ್ತಿದ್ದರು. ಅವತ್ತು ತಡವಾಗಿ ಬಂದವರು ಇಬ್ಬರೇ, ಕೋಚ್ ಮತ್ತು ಮಾಣಿಕ್.

ಸಂಜೀವಯ್ಯ ಮರಳಿನ ಮೇಲೆ ಕುಕ್ಕರಿಸಿದ. ಅವನಿಗೆ ನೆನಪಾದದ್ದು ಅವ್ವ. ಜಯನಗರದ ಬ್ಲಾಕುಗಳು ಏಳುತ್ತಿದ್ದ ಕಾಲದಲ್ಲಿ ಮಾರಮ್ಮ ಅಲ್ಲಿ ಕಲ್ಲು ಹೊರುತ್ತಿದ್ದಳು. ಮೇಸ್ತ್ರಿ ಎಂಟಕ್ಕೆ ಹೆಸರು ಬರೆಯುತ್ತಿದ್ದ. ಊರ ಬಾವಿ ಮುಟ್ಟುವಂತಿಲ್ಲದ ಮಾರಮ್ಮ ಕೆರೆಯಾಚೆಯ ಹೊಂಡದಿಂದ ನೀರು ತಂದಿಟ್ಟು ನಡೆದು ಹೋಗುವಷ್ಟರಲ್ಲಿ ಎಂಟೂಕಾಲು. ಅವಳಿಗೆ ಯಾವತ್ತೂ ಅರ್ಧ ಕೂಲಿಯೇ. ಮೇಸ್ತ್ರಿ ಜಾತಿ ಕೇಳಿದವನಲ್ಲ, ಗಂಟೆ ಕೇಳಿದವನು. ಇಷ್ಟು ವರ್ಷ ಈ ಲೆಕ್ಕ ತನಗೆ ಹೊಳೆಯಲಿಲ್ಲವಲ್ಲ ಎಂದುಕೊಂಡ ಸಂಜೀವಯ್ಯ. ಟೈಮ್ ಆಫೀಸಿನ ಗಾಜಿಗೆ ಮೂಗು ಒತ್ತಿ ನಿಂತಿದ್ದ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

ಎದ್ದು ಬೀಗ ತೆಗೆದ. ಕೀಲು ಬಿಚ್ಚಿ ಗಾಜನ್ನು ಮರದ ಬುಡಕ್ಕೆ ಒರಗಿಸಿದ. ಎಲ್ಲರ ಎದುರಿಗೆ ಮಾಣಿಕ್‌ನ ಕೈ ಹಿಡಿದು, ತನಗೆ ಬಂದಷ್ಟು ಹಿಂದಿಯಲ್ಲಿ, ತಪ್ಪಾಯಿತು ಅಂದ. ಇನ್ನು ಮೇಲೆ ಕೊನೆಯ ದೋಣಿ ಬರುವವರೆಗೆ ಬೋರ್ಡು ತೆರೆದಿರುತ್ತದೆ, ನಾನು ಇಲ್ಲೇ ಕಾಯುತ್ತಿರುತ್ತೇನೆ ಎಂದು ಮಾತು ಕೊಟ್ಟ. ನಲವತ್ತು ದಾಟಿದ ಮನುಷ್ಯ ತಾನು ಕಟ್ಟಿದ್ದನ್ನು ತಾನೇ ಬಿಚ್ಚುವುದು ಸುಲಭವಲ್ಲ. ನಾನು ಸಂಜೀವಯ್ಯನಿಗೆ ಕೈಮುಗಿಯುವುದಾದರೆ ಅವನು ಗೆದ್ದ ಯಾವ ಕಪ್ಪಿಗಿಂತಲೂ ಮೊದಲು ಆ ಸಂಜೆಗೆ ಮುಗಿಯುತ್ತೇನೆ.

ಆಮೇಲೆ ಪ್ರ್ಯಾಕ್ಟೀಸು ದೋಣಿಗಳನ್ನು ನೋಡಿಕೊಂಡು ನಡೆಯಿತು. ದೋಣಿಯಿಂದ ಇನ್ನೂ ಮೂವರು ಟೀಮಿಗೆ ಬಂದರು. ಎರಡನೇ ವರ್ಷ ಆ ಚಿಕ್ಕ ದ್ವೀಪದ ಟೀಮು ಒಂದೊಂದೇ ಮ್ಯಾಚು ಗೆಲ್ಲುತ್ತ ರಾಜಧಾನಿ ಮಾಲೆಯಲ್ಲಿ ನಡೆಯುವ ಫೈನಲ್ಲಿಗೆ ಬಂದು ನಿಂತಿತು. ಫೈನಲ್ 1982ರ ಜೂನ್ 8ಕ್ಕೆ. ಸಂಜೀವಯ್ಯನ ವಿಮಾನದ ಟಿಕೆಟ್ಟು 11ಕ್ಕೆ. ತಿರುವನಂತಪುರಕ್ಕೆ ಹಾರಿ ಅಲ್ಲಿಂದ ರೈಲು ಹಿಡಿದರೆ 13ಕ್ಕೆ ಬೆಂಗಳೂರು, 14ಕ್ಕೆ ಗೇಟು. ಈಶ್ವರಮ್ಮನ ಕೊನೆಯ ಕಾಗದದಲ್ಲಿ ತಾರೀಖಿನ ಕೆಳಗೆ ಎರಡು ಗೆರೆ ಎಳೆದಿತ್ತು.

ಟೀಮಿಗೆ ಉಳಿಯುವ ಜಾಗ ನೋಡಲೆಂದು ಅವನು ನಾಲ್ಕು ದಿನ ಮೊದಲೇ ಬೋರ್ಡು ಹೊತ್ತುಕೊಂಡು ಮಾಲೆಗೆ ಹೋದ. ಅವನು ಹೋದ ಮಾರನೆಯ ದಿನ ಮುಂಗಾರಿನ ಗಾಳಿ ಎದ್ದು ಸಮುದ್ರ ಕೆಟ್ಟಿತು. ದೋಣಿಗಳು ದಡ ಬಿಡಲಿಲ್ಲ. ಮೀನಿಗೆ ಹೋಗಿದ್ದ ಮಾಣಿಕ್ ಮತ್ತು ಮೂವರು ಯಾವುದೋ ಬೇರೆ ದ್ವೀಪದಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ವೈರ್‌ಲೆಸ್ಸಿನಲ್ಲಿ ಸುದ್ದಿ ಬಂತು. ಫೈನಲನ್ನು 15ಕ್ಕೆ ಮುಂದೂಡಿದರು.

ಕ್ಲಬ್ಬಿನ ಅಧ್ಯಕ್ಷನೇ ಹೇಳಿದ, ನೀವು ಹೊರಡಿ, ನಿಮ್ಮ ಕೆಲಸ ದೊಡ್ಡದು, ಒಂದು ಮ್ಯಾಚು ನಾವೇ ನೋಡಿಕೊಳ್ಳುತ್ತೇವೆ ಎಂದು. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಾರ್ಖಾನೆಗೆ ಒಂದು ತಂತಿ ಕಳಿಸಿ ಎಂದೂ ಹೇಳಿದ. ಸಂಜೀವಯ್ಯ ಕಳಿಸಲಿಲ್ಲ. ಯಾರ ತಂತಿಗೆ ತಾನು ಗಾಜು ಎತ್ತಿದ್ದೆನೆಂದು ಈಗ ತನಗಾಗಿ ಎತ್ತಿ ಎಂದು ಕೇಳಲಿ? ಇನ್ನೊಂದು ಕಡೆ, ಕೊನೆಯ ದೋಣಿ ಬರುವವರೆಗೆ ಇರುತ್ತೇನೆ ಎಂದು ಕೊಟ್ಟ ಮಾತು. ಎರಡು ರಾತ್ರಿ ಹೊರಳಾಡಿದ. ಹನ್ನೊಂದರ ವಿಮಾನ ಅವನನ್ನು ಬಿಟ್ಟು ತಲೆಯ ಮೇಲೆಯೇ ಹಾರಿಹೋಯಿತು.

ಹದಿನಾಲ್ಕರ ಬೆಳಗ್ಗೆ ಅವನು ಮಾಲೆಯ ದೋಣಿಕಟ್ಟೆಯಲ್ಲಿ ನಿಂತಿದ್ದ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಅಲ್ಲಿ ಏಳು ಹೊಡೆದಾಗ ಕನಕಪುರ ರಸ್ತೆಯಲ್ಲಿ ಏಳೂವರೆ. ಮುಳ್ಳು ಏಳಕ್ಕೆ ಬಂತು. ಸೈರನ್ ಕಿವಿಯಲ್ಲೇ ಕೇಳಿಸಿತು. ಗಾಜು ಇಳಿದದ್ದೂ ಕೇಳಿಸಿತು. ಅವ್ವ ಸೆರಗಿನಿಂದ ಒರೆಸಿದ್ದ ಟೋಕನ್ ಎಡದ ಮೊಳೆಯಲ್ಲಿ ನೇತಾಡುತ್ತಿರುವುದು ಕಣ್ಣಿಗೆ ಕಟ್ಟಿತು. ಅವನು ಅತ್ತ, ಮುಚ್ಚಿಟ್ಟುಕೊಳ್ಳದೆ ಅತ್ತ. ಗಾಳಿ ತಗ್ಗಿ, ಮಧ್ಯಾಹ್ನದ ಹೊತ್ತಿಗೆ, ದಾರಿಯಲ್ಲಿ ಮಾಣಿಕ್‌ನನ್ನೂ ಜೊತೆಯ ಮೂವರನ್ನೂ ಹತ್ತಿಸಿಕೊಂಡು ಟೀಮಿನ ದೋಣಿ ಬಂತು. ದಡ ಹತ್ತಿದ ಹದಿನೆಂಟು ಜನರೂ ಕಟ್ಟೆಯ ಕಂಬಕ್ಕೆ ಒರಗಿಸಿದ್ದ ಬೋರ್ಡಿನ ಮುಂದೆ ನಿಂತು, ಹೇಳಿಸಿಕೊಳ್ಳದೆ, ಟೋಕನ್ನುಗಳನ್ನು ಬಲಕ್ಕೆ ಹಾಕಿದರು.

ಫೈನಲ್ ಗೆದ್ದಿದ್ದರೆ ಈ ಕಥೆ ಹೇಳಲು ಚೆಂದವಾಗಿರುತ್ತಿತ್ತು. ಗೆಲ್ಲಲಿಲ್ಲ. ಎರಡು-ಒಂದು ಗೋಲಿನಿಂದ ಸೋತರು. ಆ ಒಂದು ಗೋಲು ಮಾಣಿಕ್‌ನದು.

ಹತ್ತೊಂಬತ್ತರ ಶನಿವಾರ ರೈಲಿಳಿದ ಸಂಜೀವಯ್ಯ ಸೂಟ್‌ಕೇಸ್ ಹಿಡಿದುಕೊಂಡೇ ಬಸ್ಸು ಹತ್ತಿ ಏಳೂ ಇಪ್ಪತ್ತಕ್ಕೆ ಕಾರ್ಖಾನೆಯ ಗೇಟಿಗೆ ಹೋದ. 2714ರ ಮೊಳೆ ಬರಿದಾಗಿತ್ತು. ಮುನಿಯಣ್ಣ ಅವನನ್ನು ನೋಡಿ ಎದ್ದು ನಿಂತ. ಟೋಕನ್ ಇನ್ನೂ ತನ್ನ ಡ್ರಾಯರಿನಲ್ಲೇ ಇದೆ, ಸ್ಟೋರ್ಸಿಗೆ ಹೋಗಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದ.

"ಸೋಮವಾರದ ರಿಜಿಸ್ಟರ್ ಮೇಲಕ್ಕೆ ಕಳಿಸಿಲ್ಲ ಅಣ್ಣ. ಬಂದಿದ್ರಿ, ಆಮೇಲೆ ರಜೆ ಹಾಕಿದ್ರಿ ಅಂತ ಬರ್ದುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ನಾನು ಬಂದಿರ್ಲಿಲ್ವಲ್ಲ ಮುನಿಯಣ್ಣ."

"ಇಪ್ಪತ್ಮೂರು ವರ್ಷ ಅಣ್ಣ."

ಸಂಜೀವಯ್ಯನಿಗೆ ಆಸೆಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಸೂಟ್‌ಕೇಸಿನ ಹಿಡಿ ಅಂಗೈಗೆ ಒತ್ತುತ್ತಿತ್ತು. ಅಷ್ಟರಲ್ಲಿ ಸೈರನ್ ಆಯಿತು. ಜನ ನುಗ್ಗಿದರು, ಟೋಕನ್ನುಗಳು ಬಲಕ್ಕೆ ಹೋದವು. ಸೈರನ್ ನಿಂತಿತು. ಮುನಿಯಣ್ಣನ ಕೈ ಗಾಜಿನ ಮೇಲಿತ್ತು, ಇಳಿಯಲಿಲ್ಲ.

"ಯಾರಿಗೆ ಕಾಯ್ತಿದ್ದೀಯ?" ಎಂದು ಸಂಜೀವಯ್ಯ ಕೇಳಿದ. "ನನಗಾದ್ರೆ ಬೇಡ. ಇವತ್ತು ಯಾರಾದ್ರೂ ಓಡಿ ಬರ್ತಾ ಇದ್ರೆ ಅವರಿಗೆ ಎರಡು ನಿಮಿಷ ಕಾಯಿ. ನನಗೆ ಗಾಜು ಇಳ್ಸು."

ಅಲ್ಲಿಂದ ನಡೆದುಕೊಂಡೇ ಸರಕ್ಕಿಯ ಮನೆಗೆ ಹೋದ. ಈಶ್ವರಮ್ಮ ಅಕ್ಕಿ ತೊಳೆಯುತ್ತಿದ್ದಳು. ಗೇಟಿಗೆ ಹೋಗಿಬಂದಿರಾ ಎಂದು ಕೇಳಲಿಲ್ಲ. ಅವನ ಮುಖವೇ ಹೇಳುತ್ತಿತ್ತು. ಅಕ್ಕಿಯ ನೀರನ್ನು ನಿಧಾನವಾಗಿ ಬಸಿದಳು.

"ಮ್ಯಾಚು ಏನಾಯ್ತು?"

"ಸೋತ್ವಿ."

"ಆ ಮೀನಿನ ಹುಡುಗ ಬಂದ್ನಾ?"

"ಬಂದ. ಎಲ್ಲಾರೂ ಬಂದ್ರು."

"ಸರಿ ಬಿಡಿ. ಕೈಕಾಲು ತೊಳ್ಕೊಳ್ಳಿ," ಅಂದಳು. ಆ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತಳಂತೆ. ಅವನಿಗೆ ಅದನ್ನು ಅವಳು ಹೇಳಿದ್ದು ಎಷ್ಟೋ ವರ್ಷದ ಮೇಲೆ.

ಊರಿನವರು ಬಿಡುತ್ತಾರೆಯೇ? ಸೋತ ಮ್ಯಾಚಿಗೆ ಕಾಯಂ ಕೆಲಸ ಕಳೆದುಕೊಂಡ ಬುದ್ಧಿವಂತ ಎಂದು ಸರಕ್ಕಿ ಗೇಟಿನ ಟೀ ಅಂಗಡಿಯಲ್ಲಿ ಆಡಿಕೊಂಡರು. ಬೈಲಪ್ಪ ಮಾತ್ರ ಅವತ್ತು ಸಂಜೆಯೇ ಮನೆಗೆ ಬಂದು ಭಾವನ ಪಕ್ಕ ಕೂತ. ಜೆ.ಪಿ. ನಗರದಲ್ಲಿ ಹೊಸದಾಗಿ ಎದ್ದಿದ್ದ ಒಂದು ಖಾಸಗಿ ಶಾಲೆಯಲ್ಲಿ ಸಂಜೀವಯ್ಯನಿಗೆ ಆಟದ ಮೇಷ್ಟ್ರ ಕೆಲಸ ಸಿಕ್ಕಿತು. ಸಂಬಳ ಅರ್ಧಕ್ಕೂ ಕಡಿಮೆ. ದ್ವೀಪದವರು ಅವನನ್ನು ಮರೆಯಲಿಲ್ಲ. 84ರಲ್ಲೊಮ್ಮೆ, 86ರಲ್ಲೊಮ್ಮೆ ಬೇಸಿಗೆ ರಜೆಗೆ ಕರೆಸಿಕೊಂಡರು. ಎರಡನೇ ಸಲ ಕಪ್ಪೂ ಬಂತು. ಕಪ್ಪಿನ ಜೊತೆಗಿನ ಫೋಟೋದಲ್ಲಿ ಸಂಜೀವಯ್ಯ ಮೂಲೆಯಲ್ಲಿ ಬೋರ್ಡು ಹಿಡಿದು ನಿಂತಿದ್ದಾನೆ, ಮದುವೆ ಮನೆಯಲ್ಲಿ ಉಡುಗೊರೆ ಹಿಡಿದವರ ಹಾಗೆ.

ಅವನ ನಿಜವಾದ ಟೀಮು ಸರಕ್ಕಿ ಕೆರೆಯ ಪಕ್ಕದ ಬಯಲಿನಲ್ಲಿತ್ತು. ಗಾರೆ ಕೆಲಸದವರು, ಗ್ಯಾರೇಜಿನವರು, ಹಾಲಿನ ವ್ಯಾನಿನವರು, ಬನಶಂಕರಿ ಕಡೆಯಿಂದ ಸೈಕಲ್ ತುಳಿದು ಬರುವ ದರ್ಜಿಗಳು. ನಾಲ್ಕು ಗಂಟೆಗೆ ಸಂಜೀವಯ್ಯ ಹೊಂಗೆ ಮರಕ್ಕೆ ಬೋರ್ಡು ತೂಗುಹಾಕಿ ಕೂರುತ್ತಿದ್ದ. ಒಬ್ಬ ಐದಕ್ಕೆ ಬರುತ್ತಿದ್ದ, ಒಬ್ಬ ಆರಕ್ಕೆ. ಸಿಮೆಂಟಿನ ಕೈಯಲ್ಲೇ ಟೋಕನ್ ತೆಗೆದು ಬಲಕ್ಕೆ ಹಾಕಿ ಮೈದಾನಕ್ಕಿಳಿಯುತ್ತಿದ್ದರು. ಯಾಕೆ ತಡ ಎಂದು ಅವನು ಕೇಳುತ್ತಿದ್ದುದುಂಟು. ಕಾರಣ ತಿಳಿಯಲು ಕೇಳುತ್ತಿದ್ದ, ದಂಡಿಸಲು ಅಲ್ಲ.

1988ರ ಒಂದು ಸಂಜೆ ಮುನಿಯಣ್ಣ ಅಲ್ಲಿಗೆ ಬಂದ. ಹಿಂದಿನ ದಿನವಷ್ಟೇ ರಿಟೈರ್ ಆಗಿದ್ದ. ಕಾರ್ಖಾನೆಯವರು ಹಾಕಿದ್ದ ಹಾರದ ಒಂದು ಹೂವು ಇನ್ನೂ ಜೇಬಿನ ಅಂಚಿನಲ್ಲಿ ಸಿಕ್ಕಿಕೊಂಡಿತ್ತು. ಆರೂವರೆಯ ಬೆಳಕು ಹೋಗುತ್ತಿತ್ತು. ಅದೇ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದ. ಒಳಗೆ 2714.

ಸಂಜೀವಯ್ಯ ಅದನ್ನು ಮುಟ್ಟುವ ಮೊದಲು ಕೇಳಿದ:

"ರಿಜಿಸ್ಟರ್‌ನಲ್ಲಿ ಏನು ಬರ್ದೆ?"

"ಕಳ್ದೋಗಿದೆ ಅಂತ."

"ಸುಳ್ಳಲ್ವಾ?"

"ಸುಳ್ಳೇ ಅಣ್ಣ. ನೀವು ಕಲ್ಸಿದ್ದಲ್ಲ, ನಾನೇ ಕಲ್ತಿದ್ದು." ಮುನಿಯಣ್ಣ ತಲೆ ತಗ್ಗಿಸಿದ. "ಅವತ್ತೇ ಕೊಡ್ಬೇಕಿತ್ತು. ಸರ್ವೀಸಲ್ಲಿರೋವರ್ಗೂ ಧೈರ್ಯ ಬರ್ಲಿಲ್ಲ. ಆರು ವರ್ಷ ಲೇಟಾಗೋಯ್ತು."

ಸಂಜೀವಯ್ಯ ಟೋಕನ್ ತೆಗೆದುಕೊಂಡು, ಅವ್ವ ಮಾಡಿದ್ದ ಹಾಗೆ ಅಂಗಿಯ ಚುಂಗಿನಿಂದ ಒರೆಸಿದ. ಬೋರ್ಡಿನ ಹತ್ತಿರ ಹೋಗಿ ಬಲಗಡೆಯಲ್ಲಿ ಖಾಲಿಯಿದ್ದ ಒಂದು ಮೊಳೆಗೆ ಸಿಕ್ಕಿಸಿದ.

"ಬೋರ್ಡು ಮುಚ್ಚಿಲ್ವಲ್ಲ ಮುನಿಯಣ್ಣ," ಅಂದ. "ಬಾ, ಕೂತ್ಕೋ. ಇನ್ನೂ ಇಬ್ರು ಬರೋರಿದ್ದಾರೆ."